ಹಾಲು ಬಿಟ್ಟ ಕೂಸಿಗೆ ಬೆಳಗಾಗಲೆಂದು ಕಾಯಬೇಡಿ

ಬಾಣಂತಿ ಮನೆಯಲ್ಲಿ ಅಳುವ ಕೂಸಿಗಿಂತ ಅಳದ ಕೂಸಿನ ಮೇಲೆ ಹೆಚ್ಚು ಕಣ್ಣಿರಬೇಕು. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ತಂಗಿಯ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಇದು ನಮ್ಮ ಮನೆಯವರಿಗೆಲ್ಲ ಮನದಟ್ಟಾಯಿತು. ಎರಡು ವಾರವೂ ತುಂಬದ ಕೂಸು. ಮಧ್ಯಾಹ್ನದಿಂದ ಎದೆಗೆ ಹಿಡಿದರೆ ಚೀಪದೆ ನಿದ್ದೆಗೆ ಜಾರುತ್ತಿತ್ತು. ಮೈ ಸುಡುತ್ತಿರಲಿಲ್ಲ, ಅಂಗೈ, ಅಂಗಾಲು ತಣ್ಣಗಿದ್ದವು. ನೋಡಲು ಬಂದವರು "ಪಾಪು ಎಷ್ಟು ಸಾಧು ಕಣವ್ವ" ಎಂದರು. ಅಜ್ಜಿ ದೃಷ್ಟಿ ತೆಗೆದರು. ತಾಯಿ ಮಾತ್ರ ಬಿಡಲಿಲ್ಲ: "ಇಲ್ಲ ಕಣಮ್ಮ, ಇವತ್ತು ಕೂಸು ದಿನಾ ಇರೋ ಥರ ಇಲ್ಲ."

ಆ ಮಾತಿಗೆ ಬೆಲೆ ಕೊಟ್ಟವರು ಊರಿನ ಆಶಾ ಕಾರ್ಯಕರ್ತೆ. ಆಸ್ಪತ್ರೆ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಆಶಾ ಬಂದು ಕೂಸನ್ನು ನೋಡಬೇಕೆಂಬುದು ನಿಯಮ. ಇವರು ಕರೆದ ಕೂಡಲೇ ಬಂದರು. ಅಂಗಿ ಸರಿಸಿ, ಫೋನಿನ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಎರಡೂ ಸಲ ಅರವತ್ತು ದಾಟಿತು. 108ಕ್ಕೆ ಫೋನ್ ಹೋಯಿತು. ರಕ್ತಕ್ಕೆ ಸೋಂಕು ಹಬ್ಬಿತ್ತು, ಸೆಪ್ಸಿಸ್. ಬೇಗ ಚಿಕಿತ್ಸೆ ಸಿಕ್ಕಿದ್ದರಿಂದ ಕೂಸು ಉಳಿಯಿತು.

ಉಸಿರಿನ ಲೆಕ್ಕ ಪ್ರತಿ ಮನೆಗೂ ಗೊತ್ತಿರಬೇಕು. ಎರಡು ತಿಂಗಳೊಳಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ತಡಮಾಡುವಂತಿಲ್ಲ. ಪಕ್ಕೆ ಸೆಳೆತ, ಫಿಟ್ಸ್, ಮುಟ್ಟಿದರಷ್ಟೇ ಅಲುಗಾಡುವುದು, ಎಳೆಗೂಸಿನ ಮೈ ವಿಪರೀತ ತಣ್ಣಗಾಗುವುದು, ಗಾಜಿನ ಲೋಟ ಒತ್ತಿದರೂ ಮಾಯವಾಗದ ಕೆನ್ನೀಲಿ ಕಲೆ, ಇವೂ ಅಷ್ಟೇ ಗಂಭೀರ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಯಿತೆಂದು ಅಂದಾಜು. ಅವರಲ್ಲಿ ಸುಮಾರು 2 ಕೋಟಿ ಐದು ವರ್ಷದೊಳಗಿನ ಮಕ್ಕಳು.

ದೊಡ್ಡ ಮಕ್ಕಳಲ್ಲಿ ಜನ ಥರ್ಮಾಮೀಟರನ್ನೇ ನಂಬುತ್ತಾರೆ. ಜ್ವರ 102 ಇದ್ದರೂ ಮಾತ್ರೆಗೆ ಇಳಿದ ಮೇಲೆ ಎದ್ದು ಆಡುವ ಮಗುವಿಗಿಂತ, ಜ್ವರವಿಳಿದರೂ ಮಂಕಾಗಿ ಬಿದ್ದಿರುವ, ಅರ್ಧ ದಿನವಾದರೂ ಉಚ್ಚೆ ಹೊಯ್ಯದ ಮಗುವಿನ ಬಗ್ಗೆ ನನಗೆ ಹೆಚ್ಚು ಭಯ. 2024ರ ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಮಕ್ಕಳು ಡೆಂಗಿಗೆ ಬಲಿಯಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು ಕಂಡಾಗ "ಜ್ವರ ಬಿಟ್ಟಿತು" ಎಂದು ಸಮಾಧಾನ ಪಡುವ ಹಾಗಿಲ್ಲ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರರಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿಂದ ಹಾಸನದ ದೊಡ್ಡಾಸ್ಪತ್ರೆಗೆ ಮೂವತ್ತು ನಲವತ್ತು ಕಿಲೋಮೀಟರ್. ರಾತ್ರಿ ಹೊತ್ತು ಆ ದಾರಿ ಚಿಕ್ಕದಲ್ಲ. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಬೆಚ್ಚಗೆ ಕಟ್ಟಿಕೊಳ್ಳಿ, ಚೀಪುವ ಶಕ್ತಿಯಿದ್ದರೆ ದಾರಿಯಲ್ಲೂ ಹಾಲು ಕೊಡಿ. ಎಳೆಗೂಸಿಗೆ ಸೆಪ್ಸಿಸ್ ಶಂಕೆಯಿದ್ದರೆ ಜೆಂಟಾಮೈಸಿನ್ ಇಂಜೆಕ್ಷನ್ ಕೊಡಲು ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳಿಗೂ ಕೇಂದ್ರ ಸರ್ಕಾರ 2014ರಲ್ಲೇ ಅನುಮತಿಸಿದೆ. ಹಾಸನಕ್ಕೆ ಬರೆದುಕೊಟ್ಟರೆ, ಹೊರಡುವ ಮೊದಲು "ಮೊದಲ ಇಂಜೆಕ್ಷನ್ ಇಲ್ಲೇ ಕೊಡ್ತೀರಾ?" ಎಂದು ದಯವಿಟ್ಟು ಕೇಳಿ.