ಇಚ್ಛಾಪರಿಮಾಣವೂ ಬಾಡಿಗೆಯ ಮನೆಯೂ

ಶ್ರಾವಕನ ಅಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಹೇಳಿದ್ದಾರೆ. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಕ್ಷೇತ್ರ, ವಾಸ್ತುಗಳನ್ನೇ ಮೊದಲು ಹೇಳುತ್ತದೆ. ಕ್ಷೇತ್ರವೆಂದರೆ ಹೊಲ-ತೋಟ, ವಾಸ್ತುವೆಂದರೆ ಮನೆ. ಆದುದರಿಂದ ಬಾಡಿಗೆಗೆ ಕೊಡಲೆಂದು ಮನೆ ಕೊಳ್ಳುವುದು ವ್ಯವಹಾರದ ಮಾತು ಮಾತ್ರವಲ್ಲ, ವ್ರತದ ಮಾತೂ ಹೌದು.

ದೃಷ್ಟಾಂತಕ್ಕೆ, ಮನ್ಮನೆಯಲ್ಲಿ ಅಡಿಕೆ ತೋಟವುಳ್ಳ ಗೃಹಸ್ಥನೊಬ್ಬನಿದ್ದಾನೆಂದು ಭಾವಿಸೋಣ. ಧಾರಣೆ ಚೆನ್ನಾಗಿದ್ದ ವರ್ಷ ಅವನಲ್ಲಿ 10 ಲಕ್ಷ ರೂಪಾಯಿ ಉಳಿದಿದೆ. ಶಿರಸಿಯಲ್ಲಿ 30 ಲಕ್ಷಕ್ಕೆ ಮನೆಯೊಂದು ಬಂದಿದೆ. ತಡಮಾಡಿದರೆ ಬೆಲೆ ಕೈಗೆಟುಕದೆಂದು ದಲ್ಲಾಳಿ ಅವಸರಪಡಿಸುತ್ತಾನೆ. ಉಳಿದ 20 ಲಕ್ಷವನ್ನು ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 17,350 ರೂಪಾಯಿ. ಬಾಡಿಗೆ 9,000 ಬಂದರೂ ತಿಂಗಳಿಗೆ 8,350 ರೂಪಾಯಿಯ ಕೊರತೆಯನ್ನು ತೋಟವೇ ತುಂಬಬೇಕು. ಮುದ್ರಾಂಕ ಶುಲ್ಕವಲ್ಲದೆ, 2025ರ ಆಗಸ್ಟ್ 31ರಿಂದ ಶೇ. 1ರ ಬದಲು 2 ಆಗಿರುವ ನೋಂದಣಿ ಶುಲ್ಕವನ್ನೂ ಕೂಡಿಸಿದರೆ ಇನ್ನೆರಡು ಲಕ್ಷಕ್ಕೂ ಮಿಕ್ಕಿದ ವೆಚ್ಚವಿದೆ.

ತೋಟದ ಆಯವಾದರೋ ಸ್ಥಿರವಲ್ಲ. 2014ರಲ್ಲಿ ಬಹಳ ಏರಿದ ಅಡಿಕೆಯ ಧಾರಣೆ ಮರುವರ್ಷ ಕುಸಿಯಿತು. ಮಳೆ ಹೆಚ್ಚಿದರೆ ಕೊಳೆರೋಗ. ಬಡ್ಡಿಯೂ ನಿಂತಲ್ಲಿ ನಿಲ್ಲದು. ರಿಸರ್ವ್ ಬ್ಯಾಂಕಿನ ರೆಪೊ ದರ 2022ರ ಮೇ ಆರಂಭದಲ್ಲಿ ಶೇ. 4 ಇದ್ದುದು 2023ರ ಫೆಬ್ರವರಿಯಲ್ಲಿ 6.5ಕ್ಕೆ ಏರಿತು. ಆಯ ತಗ್ಗಿದರೂ ಕಂತು ತಗ್ಗದು.

ರತ್ನಕರಂಡಕದಲ್ಲಿ ಹೇಳಿದ ಐದು ಅತಿಚಾರಗಳಲ್ಲಿ ಮೂರು ಇಲ್ಲಿ ವಿಚಾರಾರ್ಹ. ಪರರ ಲಾಭವನ್ನು ಕಂಡು ಮನಸ್ಸು ಕದಡುವುದು ವಿಸ್ಮಯ. ಲಾಭ ದೊರೆತ ಮೇಲೂ ಇನ್ನಷ್ಟು ಬಯಸುವುದು ಲೋಭ. ಶಕ್ತಿಗೆ ಮೀರಿ ಹೊರೆ ಹೇರುವುದು ಅತಿಭಾರವಹನ. ಇದು ಹೇರೆತ್ತಿನ ವಿಷಯದಲ್ಲಿ ಹೇಳಿದ್ದಾದರೂ ಸಾಲದ ಹೊರೆಗೂ ಅನ್ವಯಿಸಿ ನೋಡಬಹುದು.

ಹಾಗಾದರೆ ಕೊಳ್ಳುವ ಕಾಲ ಯಾವುದು? ಮನೆಯನ್ನು ನೋಡುವ ಮೊದಲೇ ವಾಸ್ತುವಿನ ಪರಿಮಾಣ ನಿಶ್ಚಯವಾಗಿರಬೇಕು. ನೋಡಿದ ಮೇಲೆ ಅದನ್ನು ಹಿಗ್ಗಿಸಬಾರದು. ಬೆಳೆ ಕೈಕೊಟ್ಟ ಒಂದು ವರ್ಷದ ಕಂತಿಗೆ ಬೇಕಾದ ಹಣ ಬೇರೆಯಾಗಿ ಇರಬೇಕು. ತೋಟವನ್ನು ಒತ್ತೆಯಿಡುವ ಪ್ರಸಂಗ ಬರಬಾರದು. ಋಣಭಾರ ಪತ್ರ, ಖಾತೆ, ಬಿನ್‌ಶೇತ್ಕಿ ಆದೇಶಗಳನ್ನು ತಿಳಿದವರಿಂದ ಪರಿಶೀಲಿಸಿರಬೇಕು. ಇವೆಲ್ಲವೂ ಕೂಡಿ ಬಂದ ದಿನವೇ ಸಕಾಲ. ಆಗ ಬೆಲೆ ಏರುತ್ತಿದ್ದರೂ ಕೊಳ್ಳುವುದು ದೋಷವಲ್ಲ. ಕೂಡಿ ಬಾರದಿದ್ದರೆ ಬೆಲೆ ಇಳಿದಿದ್ದರೂ ಕಾಲವಲ್ಲ.

ಕಾದವನಿಗೆ ಬೆಲೆ ಏರಿದರೆ ಇಲ್ಲದ ಮನೆಯೊಂದು ದೊರೆಯದೆ ಹೋದೀತು. ಅವಸರಪಟ್ಟವನಿಗೆ ಧಾರಣೆ ಇಳಿದರೆ ಇದ್ದ ತೋಟವೇ ಹೋದೀತು. ಈ ಎರಡು ನಷ್ಟಗಳು ಸಮವಲ್ಲ.

ಅಭ್ಯಾಸ:
1. ಪರಿಗ್ರಹ ಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಹೆಸರು ಏಕೆ ಒಪ್ಪುತ್ತದೆ?
2. ದೃಷ್ಟಾಂತದ ಗೃಹಸ್ಥನು 20 ಲಕ್ಷದ ಬದಲು 10 ಲಕ್ಷವನ್ನೇ ಸಾಲ ಪಡೆದಿದ್ದರೆ ಬಾಡಿಗೆಯಿಂದ ಕಂತು ಸಲ್ಲುತ್ತಿತ್ತೇ? ಲೆಕ್ಕ ಮಾಡಿರಿ.