ಎಳೆಪ್ರಾಯದವರ ನಿದ್ರೆಯೂ ಆಟವೂ ಊಟವೂ

ಹದಿಮೂರು ಹದಿನಾಲ್ಕು ವರುಷ ಪ್ರಾಯದ ಮಗನನ್ನಾಗಲಿ ಮಗಳನ್ನಾಗಲಿ ಹತ್ತಿರ ಕೂರಿಸಿಕೊಂಡು, "ನಿನ್ನ ಶರೀರಸೌಖ್ಯವು ಹೇಗಿದೆ?" ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಜ್ವರ ಬಂದರೆ ಹಣೆಯನ್ನು ಮುಟ್ಟಿ ನೋಡುತ್ತೇವೆ. ಜ್ವರವಿಲ್ಲದ ದಿನ ಎಲ್ಲವೂ ಸರಿಯಾಗಿದೆ ಎಂದೆಣಿಸಿ ಹೊಲಕ್ಕೆ ಹೋಗುತ್ತೇವೆ. ಆದರೆ ಇದೇ ಪ್ರಶ್ನೆಯನ್ನು ಲಕ್ಷಾಂತರ ಮಕ್ಕಳಿಗೆ ಹಾಕಿ ಅವರ ಉತ್ತರಗಳನ್ನು ಬರೆದಿಟ್ಟವರುಂಟು. 1982ರಲ್ಲಿ ಇಂಗ್ಲೆಂಡು, ಫಿನ್ಲೆಂಡು, ನಾರ್ವೆ ಎಂಬ ಮೂರು ದೇಶಗಳ ಪಂಡಿತರು ಈ ವಿಚಾರಣೆಯನ್ನು ಆರಂಭಿಸಿದರು; ಸ್ವಲ್ಪ ಕಾಲದಲ್ಲೇ ವಿಶ್ವ ಆರೋಗ್ಯ ಸಂಸ್ಥೆಯು ಅವರೊಡನೆ ಸೇರಿತು. ಯೂರೋಪಿನ ಅನೇಕ ದೇಶಗಳಲ್ಲಿಯೂ ಕೆನಡಾದಲ್ಲಿಯೂ ನಾಲ್ಕು ವರುಷಗಳಿಗೊಮ್ಮೆ 11, 13, 15 ವರುಷದ ಶಾಲಾಮಕ್ಕಳನ್ನು ಕೇಳುತ್ತಾರೆ. ಉತ್ತರಗಳು ನಾಲ್ಕೇ: ಅತ್ಯುತ್ತಮ, ಒಳ್ಳೇದು, ಸಾಧಾರಣ, ಕೆಟ್ಟದ್ದು.

ಮಗುವಿನ ಬಾಯಿಮಾತಿಗೆ ಏನು ಬೆಲೆ ಎಂದು ಯಾರಾದರೂ ಕೇಳಬಹುದು. ದೊಡ್ಡವರ ವಿಷಯದಲ್ಲಿ ಇಂಥ 27 ವಿಚಾರಣೆಗಳನ್ನು 1997ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ತಮ್ಮ ಆರೋಗ್ಯವು ಕೆಟ್ಟದ್ದೆಂದು ತಾವೇ ಹೇಳಿದವರು ಇತರರಿಗಿಂತ ಬೇಗನೆ ತೀರಿಕೊಂಡರೆಂದು ಅವುಗಳಲ್ಲಿ ಹೆಚ್ಚಿನವು ತೋರಿಸಿದವು. ವೈದ್ಯರು ಕಂಡುಹಿಡಿದ ರೋಗಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಹಾಗೆಯೇ ಇತ್ತು. ಶರೀರವು ತನ್ನ ಸುದ್ದಿಯನ್ನು ಅದರೊಳಗೆ ಇರುವವನಿಗೆ ಮೊದಲು ತಿಳಿಸುತ್ತದೆಂದು ತೋರುತ್ತದೆ.

ಮಕ್ಕಳ ಉತ್ತರಗಳಲ್ಲಿ ಕಂಡುಬಂದದ್ದೇನಂದರೆ, ಸಾಕಷ್ಟು ನಿದ್ರಿಸಿ, ಬೆಳಿಗ್ಗೆ ಉಂಡು, ದಿನಾಲು ಓಡಿಯಾಡುವವರು ಸಾಮಾನ್ಯವಾಗಿ "ಒಳ್ಳೇದು" ಅನ್ನುತ್ತಾರೆ. ಪ್ರಾಯ ಏರಿದ ಹಾಗೆ "ಸಾಧಾರಣ", "ಕೆಟ್ಟದ್ದು" ಎನ್ನುವವರು ಹೆಚ್ಚುತ್ತಾರೆ. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಅಧಿಕ. ಆದರೂ ಇಲ್ಲಿ ಆತುರಪಡಕೂಡದು. ಆಡದೆ ಇದ್ದದರಿಂದ ಮಗು ಬಳಲಿತೋ, ಬಳಲಿದ್ದರಿಂದ ಆಡಲಿಲ್ಲವೋ? ಎರಡೂ ಉಂಟು, ಒಂದು ಇನ್ನೊಂದನ್ನು ಬೆಳೆಸುವುದೂ ಉಂಟು.

ನಿದ್ರೆಯ ವಿಷಯ. 13ರಿಂದ 18 ವರುಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ರೆ ಬೇಕು. ಈ ಪ್ರಾಯದಲ್ಲಿ ನಿದ್ರೆಯನ್ನು ಬರಮಾಡುವ ರಸವು ಮಿದುಳಿನಲ್ಲಿ ಚಿಕ್ಕ ಮಕ್ಕಳಿಗಿಂತ ತಡವಾಗಿ ಹುಟ್ಟುವದರಿಂದ ರಾತ್ರಿ ಬೇಗನೆ ಕಣ್ಣು ಮುಚ್ಚುವುದಿಲ್ಲ. ಬೆಳಕು ಅದನ್ನು ಇನ್ನೂ ತಡಮಾಡುತ್ತದೆ. ಮುಖದ ಹತ್ತಿರವೇ ಹಿಡಿದ ಮೊಬೈಲಿನ ಬೆಳಕೂ ಹಾಗೆಯೇ. ಇತ್ತ ಆರು ಗಂಟೆಗೆ ಏಳದಿದ್ದರೆ ಶಾಲೆಯ ಬಸ್ಸು ತಪ್ಪುತ್ತದೆ. ಇಂಥವನನ್ನು ಮೈಗಳ್ಳ ಎಂದು ಗದರಿಸುವ ತಂದೆಯು ಮೊದಲು ತಾಸುಗಳನ್ನು ಎಣಿಸಿ ನೋಡಲಿ. ಫೋನು ರಾತ್ರಿ ಅಡಿಗೆಮನೆಯ ಕಪಾಟಿನಲ್ಲಿ ಮಲಗಲಿ. ತಂದೆಯ ಫೋನು ಸಹ.

ಆಟದ ವಿಷಯದಲ್ಲಿ, 5ರಿಂದ 17 ವರುಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಷ್ಟು ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ವಿಧಿ. 2016ರ ಲೆಕ್ಕದಲ್ಲಿ ಲೋಕದ ಶಾಲಾಮಕ್ಕಳೊಳಗೆ 100ಕ್ಕೆ 81 ಮಂದಿ ಅಷ್ಟು ಆಡುತ್ತಿರಲಿಲ್ಲ. ನಮ್ಮ ಮಕ್ಕಳು ನೀರು ಹೊರುತ್ತಾರೆ, ಹುಲ್ಲು ತರುತ್ತಾರೆ ಎನ್ನುವಿರಿ. ಅದೂ ವ್ಯಾಯಾಮವೇ, ಒಪ್ಪುತ್ತೇನೆ. ಆದರೆ ದೊಡ್ಡವಳಾದಳೆಂದು ಹುಡುಗಿಯನ್ನು ಕಬಡ್ಡಿ, ಖೊಖೊಗಳಿಂದ ಮನೆಯೊಳಗೆ ಎಳೆದುಕೊಂಡ ಮೇಲೆ ಅವಳಿಗೆ ಉಳಿಯುವುದು ಕೆಲಸ ಮಾತ್ರ, ನಗೆಯಿಲ್ಲ. ಈ ಪದ್ಧತಿಯನ್ನು ನಾನು ಮೆಚ್ಚಲಾರೆನು.

ಊಟದಲ್ಲಿಯೂ ಹೆಚ್ಚು ನಷ್ಟವು ಹುಡುಗಿಯರಿಗೇ. ಭಾರತದಲ್ಲಿ 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರುಷದ ಹುಡುಗಿಯರೊಳಗೆ 100ಕ್ಕೆ 59 ಮಂದಿಗೂ ಹುಡುಗರೊಳಗೆ 31 ಮಂದಿಗೂ ರಕ್ತಹೀನತೆ ಇತ್ತು. ನನ್ನ ತಮ್ಮನ ಮಗಳೂ ಅವರಲ್ಲೊಬ್ಬಳೇ. ಒಂಬತ್ತನೆಯ ತರಗತಿಯಲ್ಲಿದ್ದಾಗ, "ಸುಸ್ತಾಗುತ್ತದೆ, ದೊಡ್ಡಪ್ಪಾ" ಎಂದು ಎರಡು ಸಾರಿ ನನಗೆ ಹೇಳಿದಳು. ಓದಲು ಮನಸ್ಸಿಲ್ಲದ ನೆವವಿದು ಎಂದೆನು. ಪರೀಕ್ಷಿಸಿದಾಗ ಅವಳ ಹಿಮೋಗ್ಲೋಬಿನು 8.5, 12 ಇರಬೇಕಾಗಿತ್ತು. ಬೆಳಿಗ್ಗೆ ಬರೀ ಚಹಾ ಕುಡಿದು ಶಾಲೆಗೆ ಹೋಗುತ್ತಿದ್ದಳು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಚೀಲದಲ್ಲಿ ಬಚ್ಚಿಟ್ಟಿದ್ದಳು, ಯಾಕಂದರೆ ಹಸಿದ ಹೊಟ್ಟೆಯಲ್ಲಿ ನುಂಗಿ ಒಮ್ಮೆ ವಾಂತಿಯಾಗಿತ್ತು. ಮಲವು ಕಪ್ಪಾದದ್ದನ್ನು ಕಂಡು ಹೆದರಿಯೂ ಇದ್ದಳು. ಕಪ್ಪಾಗುವುದು ಆ ಮಾತ್ರೆಯ ಸ್ವಭಾವವೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಊಟವಾದ ಬಳಿಕ ನುಂಗಿದರೆ ಹೊಟ್ಟೆ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ.

ಕಬ್ಬಿಣವು ಸೊಪ್ಪು, ಹುರುಳಿ, ಬೇಳೆಗಳಲ್ಲಿ ಉಂಟು. ಮಾಂಸ ಮೀನುಗಳಲ್ಲಿರುವುದು ಶರೀರಕ್ಕೆ ಇನ್ನೂ ಸುಲಭವಾಗಿ ಸೇರುತ್ತದೆ. ಸೊಪ್ಪಿನ ಸಾರಿಗೆ ಲಿಂಬೇಹುಳಿ ಹಿಂಡಿದರೆ, ಅಥವಾ ಊಟದೊಂದಿಗೆ ಸೀಬೆಹಣ್ಣು ತಿಂದರೆ, ಕಬ್ಬಿಣವು ಹೆಚ್ಚಾಗಿ ಹೀರಲ್ಪಡುತ್ತದೆ. ಊಟದ ಸಂಗಡ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಆದಕಾರಣ ಚಹಾವು ಊಟವಾಗಿ ಒಂದು ತಾಸು ಕಳೆದ ಮೇಲೆ ಬರಲಿ. ರಾತ್ರಿ ಉಳಿದ ರಾಗಿಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿ ಕೊಟ್ಟರೂ ಬರೀ ಚಹಾಕ್ಕಿಂತ ಎಷ್ಟೋ ಮೇಲು. ಅನೇಕ ಮನೆಗಳಲ್ಲಿ ಗಂಡಸರು ಉಂಡ ಮೇಲೆ ಮಿಕ್ಕದ್ದು ಹುಡುಗಿಯ ಪಾಲು. ಮೊಟ್ಟೆ ಒಂದೇ ಇದ್ದರೆ ಅದು ಯಾರ ಎಲೆಗೆ ಬೀಳುತ್ತದೆಂದು ತಾಯಂದಿರಿಗೆ ಗೊತ್ತು.

ಈ ತಿಂಗಳು ನಿಮ್ಮ ಮಕ್ಕಳಲ್ಲಿ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿರಿ. ಅಜ್ಜಿ, ಅಣ್ಣತಮ್ಮಂದಿರ ಎದುರಿನಲ್ಲಿ ಕೇಳಿದರೆ "ಚೆನ್ನಾಗಿದ್ದೇನೆ" ಎಂದೇ ಹೇಳುವರು. ನಾಲ್ಕು ಉತ್ತರಗಳನ್ನೂ ಅವರ ಮುಂದಿಟ್ಟು ಸುಮ್ಮನಿರಿ. "ಸಾಧಾರಣ" ಎಂದರೆ ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ, ಬೆಳಿಗ್ಗೆ ಏನು ತಿಂದೆ, ಎಲ್ಲಿ ಆಡಿದೆ ಎಂದು ವಿಚಾರಿಸಿರಿ; ಮನಸ್ಸಿನ ದುಃಖವೇನಾದರೂ ಉಂಟೋ ಎಂದು ಸಹ ಕೇಳಿರಿ. "ಕೆಟ್ಟದ್ದು" ಎಂದರೆ, ಅಥವಾ ಬಳಲಿಕೆಯು ಎರಡು ವಾರವಾದರೂ ಬಿಡದಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋಗಿ ರಕ್ತವನ್ನು ಪರೀಕ್ಷೆ ಮಾಡಿಸತಕ್ಕದ್ದು. ನಾನು ಮೂರನೆಯ ಸಾರಿ ಅವಳು ಹೇಳುವ ತನಕ ಕಾದೆನು.