ಹಳೆಯ ರೌಮಾ: ಮರದ ಮನೆಗಳ ಪಟ್ಟಣ

ಯೂರೋಪಿನ ಉತ್ತರದಲ್ಲಿರುವ ಫಿನ್ಲೆಂಡ್ ದೇಶದ ಪಶ್ಚಿಮ ಕರಾವಳಿಯಲ್ಲಿ, ಬೋಥ್ನಿಯಾ ಕೊಲ್ಲಿಯ ತೀರದಲ್ಲಿ, ರೌಮಾ ಎಂಬ ಪಟ್ಟಣವಿದೆ. ಅದರ ಜನಸಂಖ್ಯೆ ನಲವತ್ತು ಸಾವಿರವನ್ನು ಮುಟ್ಟದು. ಅರಮನೆಯಾಗಲಿ ಕೋಟೆಯಾಗಲಿ ಅಲ್ಲಿಲ್ಲ. ಆದರೂ ಅದರ ಹಳೆಯ ಭಾಗವನ್ನು ಯುನೆಸ್ಕೋ ಸಂಸ್ಥೆಯು 1991ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹಂಪೆಯು 1986ರಲ್ಲಿ ಸೇರಿದುದು ಇದೇ ಪಟ್ಟಿಗೆ. ಈ ಚಿಕ್ಕ ಊರಿಗೆ ಇಂಥ ಗೌರವವು ದೊರೆತುದು ಹೇಗೆ?

ರೌಮಾ ಪಟ್ಟಣಕ್ಕೆ ನಗರದ ಹಕ್ಕುಗಳು ದೊರೆತುದು 1442ರಲ್ಲಿ. ಆಗ ಫಿನ್ಲೆಂಡ್ ಸ್ವೀಡನ್ನಿನ ಆಳ್ವಿಕೆಗೆ ಒಳಪಟ್ಟಿತ್ತು. 1550ರಲ್ಲಿ ದೊರೆ ಗುಸ್ತಾವ್ ವಾಸಾ ಹೆಲ್ಸಿಂಕಿ ಎಂಬ ಹೊಸ ನಗರವನ್ನು ಸ್ಥಾಪಿಸಿ, ಅದನ್ನು ತುಂಬಿಸಲು ರೌಮಾ ಮೊದಲಾದ ಪಟ್ಟಣಗಳ ವರ್ತಕರು ಮನೆಮಠ ತೊರೆದು ಅಲ್ಲಿಗೆ ಹೋಗಬೇಕೆಂದು ಆಜ್ಞಾಪಿಸಿದನು. ಹುಟ್ಟಿದೂರನ್ನು ಬಿಟ್ಟು ಹೋದವರ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1557ರಲ್ಲಿ ಹಿಂದಿರುಗಲು ಅನುಮತಿ ದೊರೆತಾಗ ಅನೇಕರು ತಮ್ಮ ಊರಿಗೇ ಮರಳಿದರು.

ಮರದ ಊರಿಗೆ ಬೆಂಕಿಯೇ ಪರಮ ವೈರಿ. 1640ರಲ್ಲಿಯೂ 1682ರಲ್ಲಿಯೂ ರೌಮಾ ಭಯಂಕರ ಅಗ್ನಿಗೆ ತುತ್ತಾಯಿತು. ಮೊದಲ ಬೆಂಕಿಯಲ್ಲಿ ಊರಿನ ದೇವಾಲಯವೂ ಹಾಳಾಯಿತು. ಹಿಂದೆ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ಸೇರಿದ್ದ ಕಲ್ಲಿನ ಪವಿತ್ರ ಶಿಲುಬೆಯ ದೇವಾಲಯವೇ ಅಂದಿನಿಂದ ಊರವರ ಪ್ರಾರ್ಥನಾಮಂದಿರವಾಯಿತು. ಇಂದಿಗೂ ಅದು ನಿಂತಿದೆ. ಮನೆಗಳನ್ನು ಜನರು ಮತ್ತೆ ಕಟ್ಟಿದರು. ಆದರೆ ಬೀದಿಗಳ ಹಳೆಯ ಜಾಡನ್ನು ಬದಲಿಸಲಿಲ್ಲ. ಆದುದರಿಂದಲೇ ಅಲ್ಲಿ ನಡೆಯುವವನು ಇಂದಿಗೂ ಮಧ್ಯಯುಗದ ಅಂಕುಡೊಂಕಾದ ಓಣಿಗಳಲ್ಲಿಯೇ ನಡೆಯುತ್ತಾನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೌಮಾದ ಹಾಯಿಹಡಗುಗಳು ದೂರ ಸಮುದ್ರಗಳಲ್ಲಿ ಸಂಚರಿಸಿ ಊರಿಗೆ ಸಂಪತ್ತನ್ನು ತಂದವು. 1890ರ ದಶಕದಲ್ಲಿ ಅನೇಕರು ತಮ್ಮ ಮನೆಗಳ ಮುಖಭಾಗಕ್ಕೆ ಹೊಸ ಮರದ ಕೆತ್ತನೆಯನ್ನು ತೊಡಿಸಿದರು. ಸುಮಾರು ಆರು ನೂರು ಕಟ್ಟಡಗಳುಳ್ಳ ಈ ಭಾಗವು ಜನರಿಲ್ಲದ ಪ್ರದರ್ಶನದ ವಸ್ತುವಲ್ಲ. ಅಲ್ಲಿ ನೂರಾರು ಜನ ಸಂಸಾರ ಹೂಡಿದ್ದಾರೆ, ಅಂಗಡಿಗಳು ತೆರೆದಿವೆ, ಚೌಕದಲ್ಲಿ ಸಂತೆ ಕೂಡುತ್ತದೆ. 1776ರಲ್ಲಿ ಕಟ್ಟಿದ ಪುರಭವನವು ಈಗ ವಸ್ತುಸಂಗ್ರಹಾಲಯವಾಗಿದೆ.

ಮನೆಗಳಂತೆಯೇ ಅಲ್ಲಿನ ಲೇಸಿನ ಕೆಲಸವೂ ಪ್ರಸಿದ್ಧ. ದಿಂಬಿನ ಮೇಲೆ ವಿನ್ಯಾಸವನ್ನಿರಿಸಿ, ಗುಂಡುಸೂಜಿಗಳನ್ನು ಚುಚ್ಚಿ, ನೂಲು ಸುತ್ತಿದ ಸಣ್ಣ ಮರದ ಕಡ್ಡಿಗಳನ್ನು ಜೋಡಿಜೋಡಿಯಾಗಿ ಅಡ್ಡಹಾಯಿಸಿ ಹೊಸೆದು ಇದನ್ನು ಹೆಣೆಯುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಸ್ತ್ರೀಯರ ಕುಲಾವಿಗಳಿಗೆ ಈ ಲೇಸು ಬಹಳವಾಗಿ ಬೇಕಾಗುತ್ತಿತ್ತು. ಆ ಉಡುಪಿನ ಪದ್ಧತಿಯು ಅಳಿದಾಗ ವ್ಯಾಪಾರವೂ ಕುಗ್ಗಿತು. ಆದರೆ ಕೈಗಳು ಕಲೆಯನ್ನು ಮರೆಯಲಿಲ್ಲ. 1971ರಿಂದ ಬೇಸಗೆಯಲ್ಲಿ ಅಲ್ಲಿ ಲೇಸಿನ ವಾರವೆಂಬ ಉತ್ಸವವು ನಡೆಯುತ್ತ ಬಂದಿದೆ.

ಮೂರನೆಯ ಸಂಪತ್ತು ನುಡಿಯದು. ಫಿನ್ನಿಶ್ ಭಾಷೆಯು ಎಸ್ಟೋನಿಯದ ನುಡಿಗೆ ಹತ್ತಿರದ, ಹಂಗೇರಿಯ ನುಡಿಗೆ ದೂರದ ಬಂಧು; ಸ್ವೀಡಿಶ್ ಭಾಷೆಗೆ ಬಂಧುವೇ ಅಲ್ಲ. ಬಹುಕಾಲ ಅಧಿಕಾರದ ವ್ಯವಹಾರವೆಲ್ಲ ಸ್ವೀಡಿಶ್‌ನಲ್ಲಿ ನಡೆದು, ಫಿನ್ನಿಶ್ ಜನಸಾಮಾನ್ಯರ ಬಾಯಲ್ಲಿ ಉಳಿದಿತ್ತು. 1863ರ ರಾಜಶಾಸನದಿಂದ ಅದಕ್ಕೆ ಸಮಾನ ಸ್ಥಾನದ ಹಾದಿ ತೆರೆಯಿತು. ರೌಮಾದವರ ಆಡುನುಡಿಯಂತೂ ನಾವಿಕರು ತಂದ ಪರಭಾಷೆಯ ಪದಗಳು ಬೆರೆತು, ಉಳಿದ ಫಿನ್ನರಿಗೂ ಸುಲಭವಾಗಿ ತಿಳಿಯದಷ್ಟು ಬೇರೆಯಾಗಿದೆ. ಅದೇ ಊರಿನಲ್ಲಿ ಹುಟ್ಟಿದ ವೈದ್ಯ ನೊರ್ತಮೊ (1860-1931) ಆ ನುಡಿಯಲ್ಲಿಯೇ ಕಥೆಗಳನ್ನು ಬರೆದು ಅದಕ್ಕೆ ಸಾಹಿತ್ಯದ ಮರ್ಯಾದೆಯನ್ನು ತಂದುಕೊಟ್ಟನು.

ವಿದ್ಯಾರ್ಥಿ ಮಿತ್ರರೇ, ಮನೆ, ಲೇಸು, ನುಡಿ ಈ ಮೂರೂ ಉಳಿದ ಬಗೆಯನ್ನು ಗಮನಿಸಿರಿ. ಮನೆಯು ವಾಸದಿಂದ ಉಳಿಯಿತು, ಲೇಸು ಹೆಣೆಯುವ ಕೈಗಳಿಂದ ಉಳಿಯಿತು, ನುಡಿಯು ಆಡುವುದರಿಂದ ಉಳಿಯಿತು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟುದು ಹಾಗೆಯೇ ಇದ್ದೀತು, ಬಾಳಲಾರದು. ಪರನುಡಿಯ ನಡುವೆ ಬೆಳೆಯುತ್ತಿರುವ ನಮ್ಮ ಮನೆಗಳಲ್ಲಿಯೂ ಅಜ್ಜಿಯು ತನ್ನೂರಿನಿಂದ ತಂದ ಮಾತುಗಳು ಉಂಟು. ಅವುಗಳಲ್ಲಿ ಹತ್ತನ್ನು ಕೇಳಿ ಬರೆದುಕೊಳ್ಳಿರಿ. ಬರೆದುದನ್ನು ಮರೆಯದೆ ಆಡಿರಿ.